ವಲ್ಲಿಯ ಮರೆಯಲ್ಲಿ

ಮುರಿಗೆಪ್ಪನವರ ಗೋದಾಮಿನಲ್ಲಿ
ಮೆಕ್ಕೆಜೋಳದ ಚೀಲಗಳ ಹಿಂದೆ
ಹನ್ನೊಂದು ವರ್ಷದಿಂದ ಕೂತಿತ್ತು ಅದು,
ತಾಡಪಾಲು ಹೊದ್ದು, ಸೊಂಟದೆತ್ತರಕ್ಕೂ ಬಾರದೆ.

"ತಾವರೆ ಅಂತ್ರಿ ಇದರ ಹೆಸರು.
ಹತ್ತಿ ಮಿಲ್ಲಿನ ಹುಡುಗ ಬಾಕಿಗೆ ಬಿಟ್ಟುಹೋದದ್ದು.
ನಾಲ್ಕು ಮಂದಿ ಕೂರಂಗಿಲ್ಲ, ಚೀಲ ಹೇರಂಗಿಲ್ಲ,
ಡಿಕ್ಕಿ ತೆಗೆದರೆ ಇಂಜಿನ್ನು!
ಇಂಥದಕ್ಕೆ ಏನಂತ ರೇಟು ಕಟ್ಟೋದು, ಡಾಕ್ಟ್ರಮ್ಮ?"

ಮೂವತ್ತು ವರ್ಷ ಊರಿನ ಬಾಯಿ ತೆರೆಸಿದವಳು
ಅವತ್ತು ನನ್ನದನ್ನು ಮುಚ್ಚಿಕೊಂಡೆ.

ಗೊತ್ತಿತ್ತು. ತೊಂಬತ್ನಾಲ್ಕರ ಲೋಟಸ್.
ಹಾಸ್ಟೆಲಿನ ಬೀರುವಿನ ಒಳಬಾಗಿಲಿಗೆ
ದವಡೆಯ ನರಗಳ ಚಿತ್ರದ ಪಕ್ಕ
ಅಂಟಿಸಿದ್ದೆ ಇದನ್ನೇ, ಕತ್ತರಿಸಿದ ಪುಟದಲ್ಲಿ.
ಉಮಾಂಬಿಕಾ ಬಗ್ಗಿ ನೋಡಿ ಕೇಳಿದ್ದಳು:
"ಹೀರೋ ಎಲ್ಲೇ? ಬರೀ ಕಾರೈತಲ್ಲ."

ಗೆಣ್ಣಿನಿಂದ ಬಾಗಿಲು ತಟ್ಟಿದೆ.
ತಗಡಲ್ಲ, ಫೈಬರು.
ತುಕ್ಕಿಗೆ ಹಲ್ಲೂರಲು ಜಾಗವಿಲ್ಲ,
ನಾನು ದಿನಾ ಕೂರಿಸುವ ಕಟ್ಟುಹಲ್ಲಿನ ದೂರದ ನೆಂಟ.
ಎಡಗೆನ್ನೆಯಲ್ಲಿ ಕೂದಲೆಳೆ ಬಿರುಕು,
ಮೇಲಿನದು. ನರಕ್ಕಿಳಿದಿಲ್ಲ.
ಸೀಟಿನ ತೊಗಲಲ್ಲಿ ನುಸಿ.
ಬಣ್ಣ, ಸೆರಗಿನಿಂದ ಒರೆಸಿದಷ್ಟು ಜಾಗದಲ್ಲಿ,
ಆಗಷ್ಟೇ ಒಗ್ಗರಣೆಗೆ ಬಿದ್ದ ಕರಿಬೇವು.

ಅಡಿಯಿಂದ ತೆವಳಿ ಬಂದ ಚಮನ್ ಸಾಬ್
ಹಲ್ಲಲ್ಲಿ ಕಚ್ಚಿದ್ದ ಟಾರ್ಚು ತೆಗೆದು ಪಿಸುಗುಟ್ಟಿದ:
"ಹಿಂದಿನ ಲೈಟು ಟೊಯೋಟಾದ್ದು ಮೇಡಂ,
ಮದುಮಗಳಿಗೆ ಎರವಲು ಒಡವೆ.
ಕೊಳ್ಳೋದು ಸಲೀಸು. ಸಾಕೋದು ಐತಲ್ಲ..."
ಉಳಿದದ್ದನ್ನು ಕೈಯ ಗ್ರೀಸಿನ ಜೊತೆ
ಬಟ್ಟೆಗೆ ಒರೆಸಿಕೊಂಡ.

ಮುರಿಗೆಪ್ಪನವರು ಹೆಗಲ ವಲ್ಲಿ ತೆಗೆದರು.
ಮಂಡಿಯಲ್ಲಿ ಐವತ್ತು ವರ್ಷ
ಬಾಯಲ್ಲಿ ಬೆಲೆ ಆಡಿದವರಲ್ಲ.
ತೆಗೆದವರು ತಡೆದರು.
ಹೆಂಗಸಿನ ಬೆರಳು ಹಿಡಿದು ವ್ಯಾಪಾರ
ಆ ವಲ್ಲಿ ಕಂಡಿರಲಿಲ್ಲ.

"ನಿಮ್ಮ ಕೆಳದವಡೆಯ ಎರಡು ಕಿತ್ತವಳು ನಾನೇ,
ಆಗ ಇಲ್ಲದ ನಾಚಿಕೆ ಈಗ ಏನ್ರಿ," ಅಂದೆ.
ಚೀಲದ ಮೇಲಿನ ಹಮಾಲರು ನಕ್ಕರು.
ವಲ್ಲಿ ಬಿತ್ತು ನಮ್ಮ ಕೈಗಳ ಮೇಲೆ.

ಒಳಗೆ ಕತ್ತಲು.
ಒರಟು ಬೆರಳು ಬಂದು ನನ್ನ ನಾಲ್ಕನ್ನು ಹಿಡಿದವು.
ನಾಲ್ಕೇ?
ಎದೆ ಬಡಿದದ್ದು ಬೆರಳ ತುದಿಗೆ ಬಾರದಿರಲೆಂದು
ಉಸಿರು ಹಿಡಿದೆ.
ಹೆಬ್ಬೆರಳನ್ನೂ ಕೊಡಬಹುದಿತ್ತು,
ಕೊಡಬೇಕಿತ್ತು.
ಬದಲಿಗೆ ಒಂದನ್ನು ಮಡಚಿ ಎಳೆದುಕೊಂಡೆ.
ಮೂರು ಬೆರಳು, ಒಂದು ಗೆಣ್ಣಿಗೆ ಮುಗಿಯಿತು.

ವಲ್ಲಿ ಕೊಡವುತ್ತಾ ಅವರು ಹೇಳಿದ್ದು:
"ನಿಮಗಿಂತ ಮುಂಚೆ ಏಳು ಮಂದಿ ಬಂದಿದ್ರು.
ಎಲ್ಲಾರೂ ಇದೇನ್ರಿ, ಇದೇನ್ರಿ ಅಂದೋರೇ.
ನೀವೊಬ್ರೇ ಕೇಳಲಿಲ್ಲ."
ಬಿಸಿಲ ಕೋಲಿನಲ್ಲಿ ಜೋಳದ ಧೂಳು ಎದ್ದು
ಇಳಿಯಲು ಬಹಳ ಹೊತ್ತು ತಗೊಂಡಿತು.

ಮೂರು ಪಾರ್ಸಲ್ಲು ಬಂದು ಒಂದು ಎಫ್‌ಡಿ ಮುರಿದ ಮೇಲೆ
ಒಂದು ನಸುಕು, ಸ್ವಿಚ್ಚು ಒತ್ತಿದರೆ
ಮೂತಿಯ ಮೇಲೆ ಒಂದೇ ಕಣ್ಣು ಎದ್ದಿತು.
ಇನ್ನೊಂದಕ್ಕೆ ನಿದ್ದೆ.
ಹಾಗೇ ಹೊರಟೆ,
ಪಿ.ಬಿ. ರಸ್ತೆಯ ಒಂದೊಂದು ಹಂಪನ್ನೂ
ಸೀರೆ ಎತ್ತಿ ಹಳ್ಳ ದಾಟುವವಳ ಹಾಗೆ ಓರೆಯಾಗಿ ದಾಟುತ್ತಾ,
ಮಂಡಕ್ಕಿ ಭಟ್ಟಿಗಳ ಹೊಗೆ ಹಿಂದಿಟ್ಟು.

ಆನಗೋಡು ಕಳೆದ ಮೇಲೆ ಕಾಲು ಒತ್ತಿದೆ.
ಒಂದು ಕ್ಷಣ ಏನೂ ಇಲ್ಲ.
ಆಮೇಲೆ ಬೆನ್ನ ಹಿಂದೆ ಯಾರೋ
ದೊಡ್ಡದಾಗಿ ಉಸಿರೆಳೆದು
ನನ್ನನ್ನು ಐವತ್ಮೂರರಿಂದ ಆಚೆ ಎಸೆದರು.

ಭರಮಸಾಗರದ ಹತ್ತಿರ ಬಿಸಿಯ ಮುಳ್ಳು ಕೆಂಪು ಮುಟ್ಟಿತು.
ನಿಲ್ಲಿಸಿ ಇಳಿದೆ.
ಫ್ಯಾನು ಗೊರಗುಟ್ಟುತ್ತಿತ್ತು,
ದೂರದ ಗುಡ್ಡದಲ್ಲಿ ಗಾಳಿಯಂತ್ರಗಳು
ಯಾವ ಅವಸರವೂ ಇಲ್ಲದೆ ತಿರುಗುತ್ತಿದ್ದವು.
ಹಾಲಿನ ಕ್ಯಾನಿನ ಬೈಕಿನವನು ಕಾಲು ಊರಿದ.
"ಇದೇನ್ರಿ?"
"ತಾವರೆ."
ಸುತ್ತು ಹಾಕಿ ಬಂದ. ಬಗ್ಗಿದ. ನಕ್ಕ.
"ಎಷ್ಟು ಬಿತ್ರಿ?"

ಅವನ ಹೆಗಲಲ್ಲಿ ವಲ್ಲಿ ಇತ್ತು.
ಕೈ ಚಾಚಿದೆ.